ನಾಲ್ಕು ವರ್ಷಗಳ ಲೆಕ್ಕ



ಪ್ರತಿ ವರ್ಷ ಡಿಸೆಂಬರ್ 17ನ್ನು ನಿವೃತ್ತ ನೌಕರರು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಹಾರ, ಶಾಲು, ಭಾಷಣ, ಕೊನೆಗೆ ಉಪ್ಪಿಟ್ಟು ಮತ್ತು ಶಿರಾ. ಆ ದಿನವೇ ಏಕೆ ಎಂದು ಕೇಳಿದರೆ ಉತ್ತರಿಸುವವರು ವಿರಳ. ಆ ದಿನದ ಇತಿಹಾಸವನ್ನೂ, ಅದಕ್ಕೆ ಹೊಂದಿಕೊಂಡಂತೆ ನಮ್ಮ ಮನೆತನದಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನೂ ಇಂದು ಬರೆಯಬೇಕೆನಿಸಿದೆ.

ಮೊದಲು ಪ್ರಸಂಗ. ನನ್ನ ದೊಡ್ಡಪ್ಪನ ಹಿರಿಯ ಮಗ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಸಹಾಯಕರಾಗಿದ್ದರು. ಅದರ ಹೆಸರು ಇಲ್ಲಿ ಬೇಡ. 2009ರಲ್ಲಿ ನಿವೃತ್ತರಾಗಿ ತೆಲಸಂಗಕ್ಕೆ ಮರಳಿದರು. ನಿವೃತ್ತಿ ವೇತನದ ಆದೇಶ ಕೈಸೇರಿದಾಗ ಅವರ ಸೇವೆಯ ಮೊದಲ ನಾಲ್ಕು ವರ್ಷಗಳು ಲೆಕ್ಕದಲ್ಲಿ ಇರಲಿಲ್ಲ. ಕಚೇರಿಗೆ ಎರಡು ಸಲ ಹೋಗಿ ಬಂದರು. ದೊರೆತ ಉತ್ತರ ಒಂದೇ: “ನಿಯಮಾನುಸಾರ ಮಾಡಲಾಗಿದೆ.” ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು, “ತಮ್ಮಾ, ಪಿಂಚಣಿ ಏನೋ ಕೊಟ್ಟಾರ. ನಾಕ ವರ್ಷ ಯಾಕ ತಗದಾರ ಅಂದ್ರ ಯಾರೂ ಬಾಯಿ ಬಿಡವಲ್ರು” ಎಂದರು.

ಸರಕಾರಿ ಕಡತಕ್ಕೆ ಎರಡು ಭಾಗಗಳಿರುತ್ತವೆ. ಒಂದು ಪತ್ರವ್ಯವಹಾರದ ಭಾಗ, ಇನ್ನೊಂದು ಟಿಪ್ಪಣಿಯ ಭಾಗ. ನೌಕರನ ಕೈಗೆ ಬರುವ ಆದೇಶದಲ್ಲಿ ತೀರ್ಮಾನ ಮಾತ್ರ ಇರುತ್ತದೆ. ವಿಷಯ ನಿರ್ವಾಹಕರು ಏನು ಬರೆದರು, ಅಧೀಕ್ಷಕರು ಏನು ಒಪ್ಪಿದರು, ಮೇಲಿನವರು ಎಲ್ಲಿ ಸಹಿ ಹಾಕಿದರು ಎಂಬ ಕಾರಣಗಳ ಸರಣಿ ಟಿಪ್ಪಣಿ ಹಾಳೆಯಲ್ಲಿರುತ್ತದೆ. ದೀರ್ಘಕಾಲ ಆ ಹಾಳೆಯನ್ನು ಸಾಮಾನ್ಯರು ನೋಡುವಂತಿರಲಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯಿದೆಯನ್ನು ಬ್ರಿಟಿಷರು ತಂದದ್ದು ತಮ್ಮ ರಕ್ಷಣೆಗಾಗಿ. ಅವರು ಹೋದ ಮೇಲೂ ಕಾಯಿದೆ ಉಳಿಯಿತು, ಅದರೊಡನೆ ಬಚ್ಚಿಡುವ ರೂಢಿಯೂ ಉಳಿಯಿತು.

ನಿವೃತ್ತಿ ವೇತನವೂ ಹಾಗೆಯೇ ಬಹುಕಾಲ ದೊರೆಯ ಕೃಪೆಯೆಂದು ಭಾವಿಸಲ್ಪಟ್ಟಿತ್ತು. 1971ರಲ್ಲಿ ದೇವಕಿನಂದನ ಪ್ರಸಾದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಕೃಪೆಯಲ್ಲ, ಹಕ್ಕು ಎಂದು ಸಾರಿತು. 1982ರ ಡಿಸೆಂಬರ್ 17ರಂದು ಡಿ. ಎಸ್. ನಕಾರಾ ಅವರ ಮೊಕದ್ದಮೆಯ ತೀರ್ಪು ಬಂದಿತು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ನೇತೃತ್ವದ ಐವರ ಸಂವಿಧಾನ ಪೀಠದ ಪರವಾಗಿ ಅದನ್ನು ಬರೆದವರು ನ್ಯಾಯಮೂರ್ತಿ ಡಿ. ಎ. ದೇಸಾಯಿ. ಕೇಂದ್ರ ಸರಕಾರವು ಉದಾರವಾದ ಹೊಸ ಸೂತ್ರವನ್ನು ತಂದು, 1979ರ ಮಾರ್ಚ್ 31ರಂದು ಅಥವಾ ಆ ಬಳಿಕ ನಿವೃತ್ತರಾದವರಿಗೆ ಮಾತ್ರ ಅದನ್ನು ಅನ್ವಯಿಸಿತ್ತು. ಒಂದೇ ಬಗೆಯ ನಿವೃತ್ತರನ್ನು ಕೇವಲ ಒಂದು ತಾರೀಖಿನಿಂದ ಇಬ್ಭಾಗ ಮಾಡುವುದು ಸಮಾನತೆಗೆ ವಿರುದ್ಧವೆಂದು ಪೀಠ ಹೇಳಿತು. ಪಿಂಚಣಿದಾರರ ದಿನದ ಮೂಲ ಇದು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ನಕಾರಾ ಅವರಿಗೆ ಅನ್ಯಾಯ ಕಾಣಿಸಿದ್ದು ಸರಕಾರದ ಆದೇಶ ಬಹಿರಂಗವಾಗಿ ಪ್ರಕಟವಾಗಿತ್ತೆಂಬ ಕಾರಣದಿಂದ. ಇವರಿಗೆ ಇಷ್ಟು, ಅವರಿಗೆ ಅಷ್ಟು ಎಂಬುದು ಅಚ್ಚಾಗಿತ್ತು. ಭೇದವು ಕಡತದ ಒಳಗೆ ಅಡಗಿ ಕುಳಿತರೆ ಸಮಾನತೆಯನ್ನು ಕೇಳುವುದಾದರೂ ಹೇಗೆ?

ಆ ಬಾಗಿಲು ತೆರೆಯಲು ಇನ್ನೂ ಎರಡು ದಶಕಗಳು ಬೇಕಾದವು. 1996ರಲ್ಲಿ ರಾಜಸ್ಥಾನದ ಬ್ಯಾವರದಲ್ಲಿ ಕೂಲಿಕಾರರೂ ರೈತರೂ ಪಂಚಾಯಿತಿ ಲೆಕ್ಕದ ನಕಲು ಕೇಳಿ ನಲವತ್ತು ದಿನ ಧರಣಿ ಕುಳಿತರು. ನಮ್ಮ ಕರ್ನಾಟಕವು 2000ದಲ್ಲಿ ತನ್ನದೇ ಮಾಹಿತಿ ಹಕ್ಕಿನ ಕಾಯಿದೆಯನ್ನು ರೂಪಿಸಿತು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಅಧಿನಿಯಮ ಜಾರಿಯಾಯಿತು. ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳೆಲ್ಲ ಅದರ ವ್ಯಾಪ್ತಿಗೆ ಬಂದವು. ಆಡಳಿತಾತ್ಮಕ ನಿರ್ಣಯಗಳ ಕಾರಣಗಳನ್ನು ಬಾಧಿತರಿಗೆ ತಾನಾಗಿಯೇ ತಿಳಿಸಬೇಕೆಂದು ಅದರ 4ನೆಯ ಪ್ರಕರಣ ಹೇಳುತ್ತದೆ. 2006ರಲ್ಲಿ ಟಿಪ್ಪಣಿ ಹಾಳೆಗಳನ್ನು ಹೊರಗಿಡಲು ಕೇಂದ್ರ ಸಂಪುಟ ತಿದ್ದುಪಡಿಗೆ ಮುಂದಾಯಿತು. ದೇಶದೆಲ್ಲೆಡೆ ವಿರೋಧ ಬಂದುದರಿಂದ ಅದು ನಿಂತುಹೋಯಿತು.

ನಿಂತುಹೋದುದರಿಂದಲೇ ಅಣ್ಣನವರಿಗೆ ದಾರಿ ಸಿಕ್ಕಿತು. ಅವರು ಬರೆದು ತಂದ ಅರ್ಜಿ ಮೂರು ಪುಟಗಳಿದ್ದವು. ಮೂವತ್ತು ವರ್ಷಗಳ ದುಃಖವೆಲ್ಲ ಅದರಲ್ಲಿತ್ತು. ಆದರೆ ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಶಬ್ದಗಳೊಳಗೆ ಇರಬೇಕು. ನಿಮ್ಮ ಪ್ರಬಂಧಗಳಿಗೆ ಹಚ್ಚುತ್ತಿದ್ದ ಕೆಂಪು ಶಾಯಿಯನ್ನು ಅಂದು ಅಣ್ಣನ ಬರಹಕ್ಕೆ ಹಚ್ಚಿದೆ. ಉಳಿದದ್ದು ಎರಡು ಪ್ರಶ್ನೆಗಳು: ನನ್ನ ನಿವೃತ್ತಿ ವೇತನದ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿರಿ, ನನ್ನೊಡನೆ ತಾತ್ಪೂರ್ತಿಕವಾಗಿ ನೇಮಕಗೊಂಡವರಲ್ಲಿ ಯಾರ ಆ ಅವಧಿಯನ್ನು ಪರಿಗಣಿಸಿದ್ದೀರಿ, ತಿಳಿಸಿರಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ರಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು.

ಮೂವತ್ತು ದಿನಗಳಲ್ಲಿ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಬಳಿಕ ಬಂದಿತು. ಪುಟಕ್ಕೆ ಎರಡು ರೂಪಾಯಿಯಂತೆ ಹನ್ನೊಂದು ಪುಟಗಳು. ಟಿಪ್ಪಣಿಯಲ್ಲಿ ಒಂದೇ ವಾಕ್ಯ: ಆ ನಾಲ್ಕು ವರ್ಷಗಳಿಗೆ ಸೇವಾ ಪುಸ್ತಕದಲ್ಲಿ ದೃಢೀಕರಣವಿಲ್ಲ. ಯಾವನೋ ಒಬ್ಬ ಅಧಿಕಾರಿ ಆ ಕಾಲದಲ್ಲಿ ಸಹಿ ಹಾಕಲು ಮರೆತಿದ್ದ, ಅಷ್ಟೆ. ದ್ವೇಷವಿರಲಿಲ್ಲ, ಸಂಚೂ ಇರಲಿಲ್ಲ. ಕೆಳಗಿನವರು ಬರೆದುದಕ್ಕೆ ಮೇಲಿನವರೆಲ್ಲ ಸಹಿ ಹಾಕುತ್ತ ಹೋಗಿದ್ದರು. ಎರಡನೆಯ ಪ್ರಶ್ನೆಗೆ ಬಂದ ಉತ್ತರ ಇನ್ನೂ ಮುಖ್ಯವಾದುದು. ಜೊತೆಗೆ ನೇಮಕಗೊಂಡ ಮೂವರಿಗೆ ಅದೇ ಅವಧಿಯನ್ನು ಪರಿಗಣಿಸಲಾಗಿತ್ತು. ಟ್ರಂಕಿನಲ್ಲಿದ್ದ ಹಳೆಯ ನೇಮಕಾತಿ ಆದೇಶಗಳನ್ನೂ ಆ ಮೂವರ ಉದಾಹರಣೆಯನ್ನೂ ಇಟ್ಟು ಅಣ್ಣ ಮನವಿ ಸಲ್ಲಿಸಿದರು. ಹದಿನಾಲ್ಕು ತಿಂಗಳ ನಂತರ ಪರಿಷ್ಕೃತ ಆದೇಶ ಬಂದಿತು. ಅವರಂತೆಯೇ ನಾಲ್ಕು ವರ್ಷ ಕಳೆದುಕೊಂಡ ಇನ್ನೊಬ್ಬ ಸಹೋದ್ಯೋಗಿಯಿದ್ದರು. ಅವರು ಏನನ್ನೂ ಕೇಳಿರಲಿಲ್ಲ. ಆದೇಶ ಬರುವ ಹಿಂದಿನ ಚಳಿಗಾಲದಲ್ಲಿಯೇ ತೀರಿಕೊಂಡಿದ್ದರು. ಪತ್ರ ಓದಿ ಅಣ್ಣ ಮೊದಲು ನೆನೆದದ್ದು ಅವರನ್ನೇ.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. 2018ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಅಧ್ಯಾಪಕರು ಪಿಂಚಣಿ ಬದಲಾವಣೆಯ ವಿರುದ್ಧ ಮುಷ್ಕರ ಹೂಡಿದರು. ನಿಧಿಯಲ್ಲಿ ಅಪಾಯ ಕಡಿಮೆಯಾಗಲೆಂದು ಶೇಕಡಾ 42ರಷ್ಟು ಸಂಸ್ಥೆಗಳು ಬಯಸಿವೆ ಎಂದು ಹೇಳಲಾಗಿತ್ತು. ಅಧ್ಯಾಪಕರು ಅಲ್ಲಿಯ ಮಾಹಿತಿ ಕಾಯಿದೆಯಡಿ ವಿಶ್ವವಿದ್ಯಾಲಯಗಳ ಉತ್ತರಗಳನ್ನು ಕೇಳಿ ತರಿಸಿ ನೋಡಿದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಕಾಲೇಜುಗಳನ್ನು ಒಂದೊಂದು ಪ್ರತ್ಯೇಕ ಸಂಸ್ಥೆಯೆಂದು ಆ ಲೆಕ್ಕದಲ್ಲಿ ಎಣಿಸಲಾಗಿತ್ತು. ಅಲ್ಲಿಯೂ ಲೆಕ್ಕದ ಒಳಗನ್ನು ನೋಡಿದ ಮೇಲೆಯೇ ವಾದಕ್ಕೆ ಬಲ ಬಂದದ್ದು.

ಇಂದಿನ ಸ್ಥಿತಿ ಬೇರೆಯಾಗಿದೆ. ನೌಕರನೊಬ್ಬನ ಸೇವಾ ವಿವರಗಳು ಸಾಮಾನ್ಯವಾಗಿ ಅವನ ವೈಯಕ್ತಿಕ ಮಾಹಿತಿಯೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಮಾಹಿತಿ ಹಕ್ಕಿನ 8ನೆಯ ಪ್ರಕರಣವನ್ನು ತಿದ್ದಿತು. ಆ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಈಗ ವೈಯಕ್ತಿಕ ಮಾಹಿತಿ ಎಂದಷ್ಟೇ ಹೇಳಿ ನಿರಾಕರಿಸಲು ಆಸ್ಪದವಿದೆ. ಸಾರ್ವಜನಿಕ ಹಿತ ಹೆಚ್ಚಿನದಾದರೆ ಕೊಡಬಹುದೆಂಬ ಸಾಮಾನ್ಯ ಉಪಬಂಧ ಉಳಿದಿದೆಯಾದರೂ ಅದನ್ನು ಸಾಧಿಸಿ ತೋರಿಸುವ ಭಾರ ಕೇಳುವವನ ಮೇಲೆಯೇ ಬೀಳುತ್ತದೆ. ಅಣ್ಣನ ಮೊದಲ ಪ್ರಶ್ನೆಗೆ ಇಂದೂ ಉತ್ತರ ಸಿಕ್ಕೀತು. ಎರಡನೆಯದಕ್ಕೆ ಸಿಗುವುದು ಕಷ್ಟ.

ಖಾಸಗಿತನ ಬೇಡವೆಂದು ನಾನು ಹೇಳುವುದಿಲ್ಲ. ನನ್ನ ಔಷಧದ ಚೀಟಿಯನ್ನು ನೆರೆಯವರು ಓದುವುದು ನನಗೂ ಇಷ್ಟವಿಲ್ಲ. ಆದರೆ ಸಾರ್ವಜನಿಕ ಹಣದಿಂದ ಕೊಡುವ ವೇತನಕ್ಕೆ ಯಾವ ನಿಯಮವನ್ನು ಯಾರಿಗೆ ಹೇಗೆ ಅನ್ವಯಿಸಿದರು ಎಂಬುದು ಔಷಧದ ಚೀಟಿಯಲ್ಲ. ಹೆಸರುಗಳನ್ನು ಅಳಿಸಿಯಾದರೂ ಅದನ್ನು ತೋರಿಸಬೇಕು. ಸಿಂಡಿಕೇಟಿನ ಠರಾವು, ಪಿಂಚಣಿ ನಿಧಿಯ ಸ್ಥಿತಿ, ನಿಯಮದ ವ್ಯಾಖ್ಯಾನ ಇವು ಯಾರೊಬ್ಬರ ಸ್ವಂತದ್ದೂ ಅಲ್ಲ. ಪಕ್ಕದವನಿಗೆ ಸಿಕ್ಕಿದ್ದು ತನಗೇಕೆ ಸಿಗಲಿಲ್ಲವೆಂದು ಅರಿಯಲಾಗದವನಿಗೆ ನಕಾರಾ ತೀರ್ಪು ಕೊಟ್ಟ ಸಮಾನತೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ನೌಕರಿಯಲ್ಲಿರುವ ನನ್ನ ಶಿಷ್ಯರಿಗೆ ಒಂದು ಮಾತು. ನೇಮಕಾತಿ ಆದೇಶದ ಮೂಲಪ್ರತಿಯನ್ನು ಜೋಪಾನ ಮಾಡಿರಿ. ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆ ಕೇಳಿ ನೋಡಿರಿ, ಸಹಿ ಬಿದ್ದಿದೆಯೇ ಎಂದು ಪರೀಕ್ಷಿಸಿರಿ. ನಿಮ್ಮಲ್ಲಿ ಯಾರಾದರೂ ಸಹಿ ಹಾಕುವ ಕುರ್ಚಿಯಲ್ಲಿದ್ದರೆ, ಅಂದಿನ ಸಹಿಯನ್ನು ಅಂದೇ ಹಾಕಿರಿ.

ನಿಮ್ಮ ಮಾಸ್ತರ,
ತೆಲಸಂಗ