ಉಡಿಯಕ್ಕಿಯಿಂದ ಕರಾರುಪತ್ರದವರೆಗೆ

ಕೊಪ್ಪಳ, ಯಲಬುರ್ಗಾ ಕಡೆಯ ಮದುವೆಮನೆಗಳಲ್ಲಿ ಸೋಬಾನೆ ಹೇಳುವ ಹೆಂಗಸರಿಗೆ ಸಂಭಾವನೆ ಎಂದರೆ ಉಡಿಯಲ್ಲಿ ಬೀಳುವ ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಕಣ. ಅರಿಶಿನ ಹಚ್ಚುವಾಗ ಒಂದು ಹಾಡು, ಸುರಗಿ ನೀರಿಗೆ ಇನ್ನೊಂದು, ಬೀಗರನ್ನು ಹಂಗಿಸಲು ಬೇಕಾದಷ್ಟು. ಹಾಡು ಯಾರದು ಎಂದು ಕೇಳಿದರೆ "ನಮ್ಮವ್ವ ಹೇಳತಿದ್ಲು" ಎನ್ನುತ್ತಾರೆ, ಅಷ್ಟೇ. ಹಾಡು ಬಾಯಿಯಿಂದ ಬೇರೆಯಾಗಿ ಎಲ್ಲಿಗೂ ಹೋಗುತ್ತಿರಲಿಲ್ಲವಾದ್ದರಿಂದ ಅದನ್ನು ಕದಿಯುವ ದಾರಿಯೂ ಇರಲಿಲ್ಲ. ಅದು ಅರಗಿನ ತಟ್ಟೆಯ ಮೇಲೆ ಕುಳಿತು ಪೇಟೆಗೆ ಹೊರಟ ಮೇಲೆಯೇ ಕಂಪನಿ, ಕಾಗದ, ಸಹಿ ಎಲ್ಲ ಬಂದದ್ದು.

ಆ ಪಯಣ ನಮ್ಮ ದೇಶದಲ್ಲಿ ಶುರುವಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮೊಫೋನ್ ಕಂಪನಿಯಿಂದ ಬಂದ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿಕೊಂಡ. ಹಾಡು ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಾಳೆ. ಕೇಳಿದವರು ಅದನ್ನು ಠೀವಿ ಎಂದುಕೊಂಡರು. ಠೀವಿಯೂ ಇದ್ದೀತು. ಆದರೆ ಆಗ ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಚೀಟಿಯ ಮೇಲೆ ಯಾರ ಹೆಸರು ಹಾಕಬೇಕೆಂದು ತಿಳಿಯಲಿ ಎಂದು ಈ ಏರ್ಪಾಡು. ತನ್ನ ಬೆಲೆ ತಿಳಿದ ಹೆಂಗಸು ಆಕೆ, ದೊಡ್ಡ ಮೊತ್ತವನ್ನೇ ಕೇಳಿ ಪಡೆಯುತ್ತಿದ್ದಳು. ಆದರೂ ನಂಬಿದವರ ವ್ಯವಹಾರದಿಂದ ಕೋರ್ಟು ಕಚೇರಿ ಅಲೆಯಬೇಕಾಯಿತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಕತೆ ಇನ್ನೊಂದು ಬಗೆಯದು. ಮೂವತ್ತರ ದಶಕದಲ್ಲಿ ಎಚ್.ಎಂ.ವಿ. ಅವರ ಮೊದಮೊದಲ ತಟ್ಟೆಗಳನ್ನು ಹೊರತಂದದ್ದು 'ಗಾಂಧಾರಿ' ಎಂಬ ಹೆಸರಿನಲ್ಲಿ. ಗಂಗೂಬಾಯಿ ಎಂಬ ಹೆಸರು ಕಂಪನಿಗೆ ರುಚಿಸಿರಲಿಲ್ಲ. ಇದು ಮೋಸವಲ್ಲ. ಆದರೆ ದನಿ ಒಬ್ಬರದು, ಅದಕ್ಕೆ ನಾಮಕರಣ ಮಾಡುವವರು ಬೇರೆಯವರು ಎಂಬ ಪದ್ಧತಿ ಎಷ್ಟು ಹಳೆಯದು ನೋಡಿ. ಆ ಕಾಲದಲ್ಲಿ ಬಹುಪಾಲು ಗಾಯಕಿಯರು ಒಂದು ಇಡಿಗಂಟು ಹಣ ಪಡೆದು ಹೊರಬರುತ್ತಿದ್ದರು. ತಟ್ಟೆ ಎಷ್ಟು ಮಾರಿತು ಎಂಬುದು ಕಂಪನಿಯ ಗುಟ್ಟು. ಹಣ ಕಡಿಮೆಯೋ ಹೆಚ್ಚೋ, ಅದು ಹರಿಯುತ್ತಿದ್ದದ್ದು ಮಾತ್ರ ಕಂಪನಿಯಿಂದ ಹಾಡುವವರ ಕಡೆಗೆ.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂದು ಈ ಹರಿವನ್ನೇ ತಿರುಗಿಸಿತು. ಗವಿಮಠದ ಜಾತ್ರೆ, ಹುಲಿಗಿಯ ಹುಲಿಗೆಮ್ಮನ ಜಾತ್ರೆ, ಕನಕಗಿರಿಯ ತೇರು, ಎಲ್ಲಿ ಹೋದರೂ ಬೆಂಡು ಬತ್ತಾಸಿನ ಅಂಗಡಿಯ ಪಕ್ಕ ಕ್ಯಾಸೆಟ್ ಅಂಗಡಿ. ಭಜನೆ, ಗೀಗೀ ಪದ, ಡೊಳ್ಳಿನ ಪದ. ದೊಡ್ಡ ಕಂಪನಿ ತಿರುಗಿಯೂ ನೋಡದ ದನಿಗಳಿಗೆ ಕ್ಯಾಸೆಟ್ ಜಾಗ ಕೊಟ್ಟಿತು, ಅದರ ಉಪಕಾರ ಮರೆಯಬಾರದು. ಮುದ್ರಣ ಅಗ್ಗವಾಯಿತು, ಅಗ್ಗವಾದ್ದರಿಂದಲೇ ಹಾಡುವವರೇ ಖರ್ಚು ಹಾಕಿ ಕ್ಯಾಸೆಟ್ ಮಾಡಿಸುವ ರೂಢಿಯೂ ಬಂತು. ಸ್ಟುಡಿಯೋ ಬಾಡಿಗೆ, ತಬಲಾದವರ ಕೂಲಿ, ಹೊದಿಕೆಯ ಬಣ್ಣದ ಚಿತ್ರ, ಎಲ್ಲ ಇವರ ತಲೆಗೆ. ಇದರಲ್ಲೂ ತಪ್ಪಿಲ್ಲ. ಜೋಳ ಒಯ್ದು ಗಿರಣಿಯಲ್ಲಿ ಬೀಸಿಸಿಕೊಂಡು ಬಂದ ಹಾಗೆ, ಕೂಲಿ ಕೊಟ್ಟೆವು, ಹಿಟ್ಟು ತಂದೆವು. ಗಿರಣಿಯವನು "ಊರೆಲ್ಲ ಹುಡುಕಿ ನಿಮ್ಮ ಜೋಳವನ್ನೇ ಆರಿಸಿದ್ದೇವೆ, ಹದಿನೈದು ಸಾವಿರ ಕಟ್ಟಿ" ಎಂದಾಗ ಮಾತ್ರ ಚೀಲ ಎತ್ತಿಕೊಂಡು ಹೊರಡಬೇಕು.

ಈ ಮೊತ್ತವನ್ನು ಸುಮ್ಮನೆ ಹೇಳಲಿಲ್ಲ. ನಮ್ಮ ಓಣಿಯ ತಾಯಿಯೊಬ್ಬಳು ಮೊಬೈಲು ಹಿಡಿದು ಬಂದಳು: "ಅಕ್ಕಾರ, ನಮ್ಮ ಹುಡುಗಿ ಹಾಡು ಸೆಲೆಕ್ಟ್ ಆಗೇತಂತ. ರಿಜಿಸ್ಟ್ರೇಶನ್‌ಗೆ ಹದಿನೈದು ಸಾವಿರ ಹಾಕ್ರಿ ಅಂದಾರ. ಸಂಘದಾಗ ಸಾಲ ತಗೋಬೇಕಂತ ಮಾಡೀನಿ." ಹುಡುಗಿ ನಿಜಕ್ಕೂ ಚೆನ್ನಾಗಿ ಹಾಡುತ್ತಾಳೆ. ಕಷ್ಟವಿರುವುದೇ ಇಲ್ಲಿ. ಕಂಠವಿಲ್ಲದವರಿಗೆ ಈ ಮಾತು ನಾಟುವುದಿಲ್ಲ. ಚೆನ್ನಾಗಿ ಹಾಡುವವರೇ ಎಂದಾದರೂ ಒಂದು ದಿನ ಇಂಥ ಫೋನು ಬಂದೀತೆಂದು ಕಾದಿರುತ್ತಾರೆ. ಫೋನು ಮಾಡಿದವನು ಟಿ.ವಿ. ವಾಹಿನಿಯ ಹೆಸರು ಹೇಳಿದ್ದ, ಹಣ ಮಾತ್ರ ಯಾರದೋ ಸ್ವಂತ ಖಾತೆಗೆ. ಸಂಜೆಯೊಳಗೆ ಕಟ್ಟದಿದ್ದರೆ ಜಾಗ ಇನ್ನೊಬ್ಬರಿಗೆ ಎಂಬ ಅವಸರ ಬೇರೆ. ನನಗಂತೂ ಆ ಅವಸರವೇ ಮೊದಲ ಸಾಕ್ಷಿಯಾಗಿ ಕಂಡಿತು. ಹಾಡು ಹುಳಿ ಬರುವ ಮಜ್ಜಿಗೆಯೆ?

ಅವರು ಒಂದು ಕರಾರುಪತ್ರವನ್ನೂ ಕಳಿಸಿದ್ದರು. ಹುಡುಗಿಯ ದನಿಯ ಸಮಸ್ತ ಹಕ್ಕು ಶಾಶ್ವತವಾಗಿ ಅವರದು ಎಂದು ಅದರಲ್ಲಿತ್ತು. ದುಡ್ಡೂ ನಮ್ಮದು, ದನಿಯೂ ನಮ್ಮದು, ಹಕ್ಕು ಅವರದು!

ಕಾನೂನಿಗೆ ಹಾಡುವವರು ಕಣ್ಣಿಗೆ ಬಿದ್ದದ್ದು ತೀರ ತಡವಾಗಿ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಬರೆದವರಿಗೆ, ರಾಗ ಹಾಕಿದವರಿಗೆ ಹಕ್ಕಿತ್ತು, ಹಾಡಿದವರಿಗೆ ಇರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟು ಸಿನಿಮಾ ಸಂಗೀತದ ಮೊಕದ್ದಮೆಯೊಂದರಲ್ಲಿ ನಿರ್ಮಾಪಕರ ಪರ ತೀರ್ಪು ಕೊಟ್ಟಾಗ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದಕ್ಕೆ ಬೇರೆಯೇ ಒಂದು ಟಿಪ್ಪಣಿ ಸೇರಿಸಿ, ಹಾಡುವವರನ್ನು ಕಾಯಿದೆ ಮರೆತಿದೆ ಎಂದು ತೋರಿಸಿಕೊಟ್ಟರು. 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಎಂಬುದು ಬಂತು, 2012ರಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಅವ್ವನ ಕಾಲದ ಸೋಬಾನೆ ಪದಕ್ಕೆ ಒಡೆಯರಿಲ್ಲ, ನಿಜ. ಆದರೆ ಅದನ್ನು ನೀವು ಹಾಡಿದಾಗ ಆ ಹಾಡುಗಾರಿಕೆಯ ಮೇಲೆ ನಿಮಗೆ 50 ವರ್ಷದ ಹಕ್ಕಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಯಾರೂ ಅದನ್ನು ಮುದ್ರಿಸಿ ಮಾರುವಂತಿಲ್ಲ. ಹಕ್ಕನ್ನು ಬಿಟ್ಟುಕೊಡುವುದಾದರೆ ಅದು ಲಿಖಿತವಾಗಿರಬೇಕು, ನಿಮ್ಮ ಸಹಿ ಇರಬೇಕು. ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ಹಣ ಎಂಬುದನ್ನೆಲ್ಲ ಬರೆಯಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯಿದೆ ಎಣಿಸುತ್ತದೆ. 'ಶಾಶ್ವತ' ಎಂದು ಬರೆದ ಕಾಗದಕ್ಕೆ ನೀವೇ ಸಹಿ ಹಾಕಿದರೆ ಮಾತ್ರ ಈ ಆಸರೆ ದಕ್ಕುವುದಿಲ್ಲ.

ಸಾವಿರ ರೂಪಾಯಿಗೆ ಲಕ್ಷ ಜನ ನೋಡಿದ ಹಾಗೆ ಮಾಡುತ್ತೇವೆ ಎನ್ನುವವರೂ ಈಗ ಇದ್ದಾರೆ. ಅಂಥ ಸುಳ್ಳು ಲೆಕ್ಕವನ್ನು ಯೂಟ್ಯೂಬಿನವರು ಕಂಡುಹಿಡಿದು ಅಳಿಸಿಹಾಕುತ್ತಾರೆ. ಹಾಡನ್ನು ನಾವೇ ಅಲ್ಲಿ ಹಾಕುವುದಕ್ಕೆ ಕಾಸು ಬೇಕಿಲ್ಲ.

ಆ ತಾಯಿಗೆ ಎರಡೇ ಮಾತು ಕೇಳಲು ಹೇಳಿಕೊಟ್ಟೆ. ಕಚೇರಿಯ ವಿಳಾಸ ಕೊಡಿ, ಅಲ್ಲಿಗೇ ಬಂದು ಕಟ್ಟುತ್ತೇವೆ. ಹಣವನ್ನು ಹಾಡಿನ ಗಳಿಕೆಯಲ್ಲೇ ಮುರಿದುಕೊಳ್ಳಿ. ಮೊದಲನೆಯದಕ್ಕೆ ಬೆಂಗಳೂರಿನ ಯಾವುದೋ ಬಡಾವಣೆಯ ಹೆಸರು ಬಂತು, ಮನೆ ನಂಬರಿಲ್ಲ. ಎರಡನೆಯದಕ್ಕೆ ಫೋನು ಕಟ್ಟಾಯಿತು.

ಹುಡುಗಿ ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಮೊನ್ನೆ ಕುಷ್ಟಗಿಯ ಮದುವೆಯೊಂದಕ್ಕೆ ಹಾಡಲು ಕರೆದಿದ್ದರು, ಹೋಗಿಬಂದಳು. ಎರಡು ಸಾವಿರ ಕೊಟ್ಟರಂತೆ, ಉಡಿಯನ್ನೂ ತುಂಬಿದರಂತೆ.