ಹಳ್ಳಿಗೆ ಸೇವಕಿಯರನ್ನು ಕಳಿಸಿದ ಉಮಾಬಾಯಿ ಕುಂದಾಪುರ



ನಾವು ದುಡಿಯುತ್ತಿರುವ ಈ ಒಮಾನಿನಲ್ಲಿ 1970ರವರೆಗೆ ಇದ್ದದ್ದು ಮೂರೇ ಶಾಲೆ. ಕಲಿಯುತ್ತಿದ್ದವರು 909 ಮಕ್ಕಳು, ಎಲ್ಲರೂ ಗಂಡುಹುಡುಗರು. ಆ ವರ್ಷ ಜುಲೈ 23ರಂದು ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದ ಮೇಲೆ ಹೆಣ್ಣುಮಕ್ಕಳಿಗೂ ಶಾಲೆ ತೆರೆಯಿತು. ಕಟ್ಟಡವಿಲ್ಲದ ಕಡೆ ಡೇರೆಯಲ್ಲೇ ಪಾಠ ನಡೆಯಿತು. ಡೇರೆ ಹಾಕುವುದು ಸುಲಭ. ಕಲಿಸುವವರನ್ನು ಮಾತ್ರ ಈಜಿಪ್ಟ್, ಜೋರ್ಡಾನ್ ಮುಂತಾದ ದೇಶಗಳಿಂದ ಕರೆಸಬೇಕಾಯಿತು.

ನಮ್ಮ ನಾಡಿನಲ್ಲೂ ಒಂದು ಕಾಲಕ್ಕೆ ಇದೇ ತೊಡಕು. ಗಂಡು ಮೇಷ್ಟ್ರ ಮುಂದೆ ಮಗಳನ್ನು ಕೂರಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಕಲಿಸಬಲ್ಲ ಹೆಂಗಸರು ಬೇಕೆಂದರೆ ಮೊದಲು ಹುಡುಗಿಯರು ಓದಬೇಕು! ಈ ಗಂಟನ್ನು ಬಿಡಿಸುವುದರಲ್ಲಿ ವಿಧವೆಯರ ಪಾಲು ದೊಡ್ಡದು. ಸಮಾಜ ಮೂಲೆಗೆ ಕೂರಿಸಿದ ಹೆಂಗಸರೇ ಕರಿಹಲಗೆಯ ಮುಂದೆ ನಿಂತರು. ಅಂಥವರಲ್ಲಿ ಒಬ್ಬರ ಬಗ್ಗೆ ಇಂದು ಹೇಳಬೇಕೆಂದಿದ್ದೇನೆ. ಸಭೆಯಲ್ಲಿ ಮಂಗಳೂರಿನವರೂ ಹುಬ್ಬಳ್ಳಿಯವರೂ ಇದ್ದೀರಿ. ಈಕೆ ಇಬ್ಬರಿಗೂ ಸೇರಿದವರು, ಜಗಳ ಬೇಡ.

1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದಾಗ ಅವರ ಹೆಸರು ಭವಾನಿ ಗೋಳಿಕೇರಿ. ಹದಿಮೂರರ ವಯಸ್ಸಿಗೆ ಮದುವೆಯಾಗಿ ಉಮಾಬಾಯಿ ಕುಂದಾಪುರ ಆದರು. ಮಾವ ಆನಂದರಾಯರು ಸುಧಾರಣೆಯ ಮನಸ್ಸಿನವರು. ಸೊಸೆಯನ್ನು ಮದುವೆಯ ನಂತರವೂ ಓದಿಸಿದರು. ಆಕೆ ಮೆಟ್ರಿಕ್ ಪಾಸಾದರು. ಮುಂಬಯಿಯ ಗಾಮದೇವಿ ಮಹಿಳಾ ಸಮಾಜದಲ್ಲಿ ಹೆಂಗಸರಿಗೆ ಪಾಠ ಹೇಳತೊಡಗಿದರು. ಕಲಿತದ್ದನ್ನು ಕೂಡಲೇ ಇನ್ನೊಬ್ಬರಿಗೆ ದಾಟಿಸುವ ಈ ಅಭ್ಯಾಸ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಗಂಡ ಸಂಜೀವರಾಯರು ಕ್ಷಯದಿಂದ ತೀರಿಕೊಂಡಾಗ ಉಮಾಬಾಯಿ ಇನ್ನೂ ಚಿಕ್ಕವರು. ಮಾವ ಸೊಸೆಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ನಡೆಸಿದರು. ಸೊಸೆಯನ್ನು ಒಳಮನೆಗೆ ತಳ್ಳದೆ ಹೊರಗಿನ ಕೆಲಸಕ್ಕೆ ಕಳಿಸಿದ ಆ ಹಿರಿಯರಿಗೆ ಇತಿಹಾಸ ಒಂದು ನಮಸ್ಕಾರ ಬಾಕಿ ಉಳಿಸಿಕೊಂಡಿದೆ ಅನ್ನಿಸುತ್ತದೆ ನನಗೆ. ಡಾ. ನಾ. ಸು. ಹರ್ಡೀಕರರು ತಿಲಕ ಕನ್ಯಾಶಾಲೆಯ ಹೊಣೆಯನ್ನು ಉಮಾಬಾಯಿಗೆ ಒಪ್ಪಿಸಿದರು. ಭಗಿನಿ ಮಂಡಲವೂ ಅವರದೇ ಕೆಲಸ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಹಿಂದೂಸ್ತಾನಿ ಸೇವಾದಳದಿಂದ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಅವರು ಸಿದ್ಧಗೊಳಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಹೊಸ್ತಿಲು ದಾಟದವರನ್ನು ಅಷ್ಟು ದೊಡ್ಡ ಜನಸಂದಣಿಯ ನಡುವೆ ನಿಲ್ಲಿಸುವುದೆಂದರೆ ಅದೂ ತರಬೇತಿಯೇ. ನಮ್ಮ ಪುಸ್ತಕಗಳು ಇದನ್ನು ಚಳವಳಿಯ ಲೆಕ್ಕಕ್ಕೆ ಮಾತ್ರ ಬರೆದುಕೊಳ್ಳುತ್ತವೆ. ಶಿಕ್ಷಣದ ಲೆಕ್ಕಕ್ಕೂ ಸೇರಿಸಬೇಕೆಂಬುದು ನನ್ನ ವಾದ.

1932ರಲ್ಲಿ ಬಂಧನವಾಯಿತು, ಯರವಡಾ ಜೈಲು ಸೇರಿದರು. ಅವರು ಒಳಗಿದ್ದಾಗ ಮಾವ ತೀರಿಕೊಂಡರು. ಬಿಡುಗಡೆಯಾಗಿ ಬಂದು ನೋಡಿದರೆ ಪ್ರೆಸ್ ಜಪ್ತಿಯಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನಿ ಮಂಡಲ ಕಾನೂನುಬಾಹಿರವಾಗಿತ್ತು. ಎಲ್ಲ ಹೋಗಿತ್ತು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಸ್ವಯಂಸೇವಕರೊಡನೆ ಅಲ್ಲಿಗೆ ಹೊರಟರು. 1942ರಲ್ಲಿ ಭೂಗತರಾದವರಿಗೆ ಅವರ ಪುಟ್ಟ ಮನೆಯಲ್ಲಿ ಊಟ, ಆಸರೆ ಎರಡೂ ಸಿಕ್ಕವು.

1944ರ ಫೆಬ್ರವರಿಯಲ್ಲಿ ಕಸ್ತೂರಬಾ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ನಿಧಿಯೊಂದು ಕೂಡಿತು. ಅದು ಹಳ್ಳಿಯ ಹೆಂಗಸರು, ಮಕ್ಕಳಿಗೇ ಸಲ್ಲಬೇಕು ಎಂದರು ಗಾಂಧೀಜಿ. 1946ರಲ್ಲಿ ಕರ್ನಾಟಕ ಶಾಖೆಯ ಹೊಣೆ ಉಮಾಬಾಯಿಗೆ ಬಂತು. ಗ್ರಾಮಸೇವಿಕೆಯರಿಗೆ ತರಬೇತಿ ಕೊಟ್ಟು ಹಳ್ಳಿಗಳಿಗೆ ಕಳಿಸುವುದು ಕೆಲಸ. ಆದರೆ ಶಾಖೆಯ ಕೈಯಲ್ಲಿ ಹಣವಿಲ್ಲ. ಮನೆಮನೆ ತಿರುಗಿ ಚಂದಾ ಎತ್ತಿದರು. ಸಂಘದ ಕೆಲಸಕ್ಕೆಂದು ರಸೀದಿ ಪುಸ್ತಕ ಹಿಡಿದು ಮಸ್ಕತ್ತಿನ ಬೀದಿಗಳಲ್ಲಿ ತಿರುಗಿದ ನಿಮಗೆ ಅದರ ಕಷ್ಟ ನಾನು ವಿವರಿಸಬೇಕಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಉಮಾಬಾಯಿ ಪದವಿ, ಪ್ರಶಸ್ತಿ, ಪಿಂಚಣಿ ಯಾವುದನ್ನೂ ಬಯಸಲಿಲ್ಲ. ತಾಮ್ರಪತ್ರವನ್ನೂ ಬೇಡವೆಂದರು. ಹುಬ್ಬಳ್ಳಿಯ ಒಂದು ಸಣ್ಣ ಮನೆಯಲ್ಲಿ ಉಳಿದು 1992ರಲ್ಲಿ ಕಣ್ಣುಮುಚ್ಚಿದರು. ಆ ಮನೆಯ ಹೆಸರು ‘ಆನಂದ ಸ್ಮೃತಿ’.