ಗೆರೆಗಳ ಪರೀಕ್ಷೆ: ಅನುಸರಣೆಯ ಅಧ್ಯಯನ ಬೆಳೆದ ಬಗೆ

ವ್ಯಕ್ತಿಯು ತನ್ನ ಅಭಿಪ್ರಾಯವನ್ನೋ ನಡತೆಯನ್ನೋ ಗುಂಪಿನದಕ್ಕೆ ಹೊಂದಿಸಿಕೊಳ್ಳುವುದನ್ನು ಮನೋವಿಜ್ಞಾನಿಗಳು ‘ಅನುಸರಣೆ’ ಎಂದು ಕರೆಯುತ್ತಾರೆ. 1935ರಲ್ಲಿ ತುರ್ಕಿ ಮೂಲದ ಮುಜಫರ್ ಶೆರಿಫ್, ಕತ್ತಲ ಕೋಣೆಯಲ್ಲಿ ನಿಶ್ಚಲವಾದ ಬೆಳಕಿನ ಚುಕ್ಕೆ ಚಲಿಸುವಂತೆ ತೋರುವ ‘ಸ್ವಯಂಚಲನ ಭ್ರಮೆ’ಯನ್ನು ಬಳಸಿ, ಒಂಟಿಯಾಗಿದ್ದಾಗ ಬೇರೆ ಬೇರೆ ಅಳತೆ ಹೇಳಿದವರು ಒಟ್ಟಿಗೆ ಕುಳಿತಾಗ ಕ್ರಮೇಣ ಒಂದೇ ಅಂದಾಜಿನತ್ತ ಸರಿಯುವುದನ್ನು ತೋರಿಸಿದರು. ಅಲ್ಲಿ ಖಚಿತವಾದ ಉತ್ತರವೇ ಇರಲಿಲ್ಲವಾದ್ದರಿಂದ, ವಾರ್ಸಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಾಲೊಮನ್ ಆಶ್ 1950ರ ದಶಕದ ಆರಂಭದಲ್ಲಿ ಸಂದೇಹಕ್ಕೆ ಎಡೆಯಿಲ್ಲದ ಪರೀಕ್ಷೆಯನ್ನು ರೂಪಿಸಿದರು: ಮೂರು ಗೆರೆಗಳಲ್ಲಿ ಮಾದರಿ ಗೆರೆಯಷ್ಟೇ ಉದ್ದವಾದುದನ್ನು ಗುರುತಿಸಬೇಕಿತ್ತು, 18 ಸುತ್ತುಗಳ ಪೈಕಿ 12ರಲ್ಲಿ, ಮೊದಲೇ ಸೂಚನೆ ಪಡೆದಿದ್ದ ಸಹಚರರು ಒಕ್ಕೊರಲಿನಿಂದ ತಪ್ಪುತ್ತರ ಕೊಡುತ್ತಿದ್ದರು. ಆ ಸುತ್ತುಗಳಲ್ಲಿ ಏನೂ ಅರಿಯದ ಪರೀಕ್ಷಾರ್ಥಿಗಳ ಉತ್ತರಗಳಲ್ಲಿ ಮೂರನೆಯ ಒಂದು ಭಾಗಕ್ಕೂ ತುಸು ಹೆಚ್ಚು ಗುಂಪಿನ ತಪ್ಪನ್ನೇ ಅನುಸರಿಸಿದವು. ಸರಿಯುತ್ತರ ಹೇಳುವ ಒಬ್ಬ ಜೊತೆಗಾರನಿದ್ದರೆ ಆ ಪ್ರಮಾಣ ಬಹಳವಾಗಿ ಇಳಿಯುತ್ತಿತ್ತು. 1955ರಲ್ಲಿ ಮಾರ್ಟನ್ ಡಾಯಿಚ್ ಮತ್ತು ಹೆರಾಲ್ಡ್ ಜೆರಾರ್ಡ್ ಅನುಸರಣೆಯ ಹಿಂದಿನ ಎರಡು ಕಾರಣಗಳನ್ನು ಬೇರ್ಪಡಿಸಿ, ಇತರರ ಮಾತನ್ನು ವಾಸ್ತವದ ಸಾಕ್ಷ್ಯವೆಂದು ನಂಬುವುದನ್ನು ‘ಮಾಹಿತಿಯ ಪ್ರಭಾವ’ವೆಂದೂ, ಗುಂಪಿನ ನಿರೀಕ್ಷೆಗೆ ತಲೆಬಾಗುವುದನ್ನು ‘ರೂಢಿಯ ಪ್ರಭಾವ’ವೆಂದೂ ವಿವರಿಸಿದರು. ಆದರೂ ಆಶ್ ಅವರ ಪರೀಕ್ಷಾರ್ಥಿಗಳಲ್ಲಿ ಸುಮಾರು ಕಾಲುಭಾಗದಷ್ಟು ಜನ ಒಮ್ಮೆಯೂ ಬಾಗಲಿಲ್ಲವೆಂಬುದು ಮರೆಯಬಾರದ ಸಂಗತಿ.